ಬಾಜೂ ಕಾಟಿನವರಿಗೆ ಹೇಳಿದ ಮಾತು

ಲೋಂಡಾದಲ್ಲಿ ಮಗಳ ಮನೆಯಿದೆ. ವರ್ಷಕ್ಕೆ ಮೂರು ನಾಲ್ಕು ಸಲ ಬೆಳಗಾವಿಯಿಂದ ಪ್ಯಾಸೆಂಜರ್ ಗಾಡಿ ಹಿಡಿದು ಹೋಗಿ ಬರುತ್ತೇನೆ. ಖಾನಾಪುರ ದಾಟಿತೆಂದರೆ ಎದ್ದು ಆಚೆ ಬದಿಯ ಸೀಟಿಗೆ ಹೋಗಿ ಕೂರುತ್ತೇನೆ. ಮುಂದಿನ ಸ್ಟೇಶನ್ ಗುಂಜಿ. ಗಾಡಿ ಅಲ್ಲಿ ನಿಲ್ಲುವುದು ಒಂದೇ ನಿಮಿಷ. ಆ ನಿಮಿಷ ಊರಿನ ಕಡೆ ಬೆನ್ನು ಮಾಡಿ ಕಾಡು ನೋಡುತ್ತ ಕೂತುಬಿಡುತ್ತೇನೆ.

ಹೋದ ತಿಂಗಳು ಗದ್ದಲ ಬಹಳವಿತ್ತು, ಜಾಗ ಬದಲಿಸಲು ಆಗಲಿಲ್ಲ. ಮಳೆ ಹನಿಯುತ್ತಿತ್ತು. ಗುಂಜಿಯಲ್ಲಿ ಕಂಬಳಿ ಹೊದ್ದ ಮುದುಕನೊಬ್ಬ ಹತ್ತಿ ನನ್ನ ಎದುರಿಗೇ ಕೂತ. ಒದ್ದೆ ಕಂಬಳಿಯ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ನಾಲ್ಕು ವರ್ಷದ ಹಿಂದಿನ ಮಳೆಗಾಲ ಪೂರ್ತಿಯಾಗಿ ಎದ್ದು ನನ್ನ ಎದುರಿಗೆ ಕೂತಂತಾಯಿತು. ಲೋಂಡಾ ಬರುವ ತನಕ ಆ ಮುದುಕನ ಮುಖ ನೋಡಲಿಲ್ಲ ನಾನು.

ನಾನು ಬೆಳಗಾವಿಯ ಶಹಾಪುರ ಪೇಟೆಯವನು, ಮಗ್ಗದವನು. ಆರನೆಯ ಇಯತ್ತೆ ಅರ್ಧಕ್ಕೆ ಬಿಟ್ಟು ಅಪ್ಪನ ಕೈಮಗ್ಗಕ್ಕೆ ಕೂತವನು, ಈಗ ನಾಲ್ಕು ಪವರ್‌ಲೂಮ್ ನಡೆಸುತ್ತೇನೆ. ಶಾಲೆ ಕಲಿಯಲಿಲ್ಲವೆಂದು ಯಾರೂ ನನ್ನನ್ನು ಕೆಳಗಿಟ್ಟು ಮಾತಾಡಬಾರದು, ಹಾಗೆ ದುಡಿದಿದ್ದೇನೆ. ಸೀರೆಯ ಅಂಚಿನಲ್ಲಿ ಒಂದು ಎಳೆ ತಪ್ಪಿದರೂ ಮಗ್ಗ ನಿಲ್ಲಿಸಿ, ಬಿಚ್ಚಿಸಿ, ಮತ್ತೆ ನೇಯಿಸುತ್ತೇನೆ. ಜ್ವರ ಬಂತೆಂದು ಮಲಗಿದ ದಿನ ನನಗೆ ನೆನಪಿಲ್ಲ. ಅಂಥವನಿಗೆ ಅರವತ್ತು ದಾಟಿದ ಮೇಲೆ ಮೂತ್ರಕ್ಕೆ ನಿಂತರೆ ಹತ್ತು ನಿಮಿಷ ಹಿಡಿಯತೊಡಗಿತು. ಎರಡು ವರ್ಷ ಯಾರಿಗೂ ಹೇಳಲಿಲ್ಲ, ಹೆಂಡತಿ ಶಾಂತಾಳಿಗೂ ಹೇಳಲಿಲ್ಲ. ಒಂದು ಮುಂಜಾನೆ ಪೂರ್ತಿ ನಿಂತೇಹೋಯಿತು. ಆಗ ಹೇಳಲೇಬೇಕಾಯಿತು. ಪ್ರಾಸ್ಟೇಟ್ ಎಂಬ ಗ್ರಂಥಿ ಹಿಗ್ಗಿ ದಾರಿ ಮುಚ್ಚಿದೆ, ಒಳಗಿನಿಂದ ಕೆರೆದು ತೆಗೆಯಬೇಕು ಎಂದರು ಡಾಕ್ಟರು.

ಆರಿದ್ರಾ ಮಳೆ ಹಿಡಿದಿತ್ತು. ಬೆಳಗಾವಿಯ ಮಳೆ ನಿಮಗೆ ಗೊತ್ತಿರಬಹುದು, ಅದು ಸುರಿದು ಹೋಗುವ ಮಳೆಯಲ್ಲ. ಹಿಡಿದರೆ ಹಿಟ್ಟು ಜರಡಿ ಹಿಡಿದಂತೆ ವಾರಗಟ್ಟಲೆ ಉದುರುತ್ತಲೇ ಇರುತ್ತದೆ. ದವಾಖಾನೆಯ ಗೋಡೆಗಳು ಬೆವರುತ್ತಿದ್ದವು. ಗಂಡಸರ ವಾರ್ಡಿನಲ್ಲಿ ಕಿಟಕಿಯ ಬದಿಗೆ ನನ್ನ ಕಾಟು. ಆಪರೇಶನ್ ಆಗಿ ನಳಿಗೆ ಹಾಕಿದ್ದರು. ಮೇಲಿನಿಂದ ದೊಡ್ಡ ಬಾಟಲಿಯ ನೀರು ಒಳಗೆ ಹೋಗಿ, ಕೆಂಪಾಗಿ ಕೆಳಗಿನ ಚೀಲಕ್ಕೆ ಬರುತ್ತಿತ್ತು. ಮೊದಲ ದಿನ ಅದನ್ನು ನೋಡಿ ನರ್ಸನ್ನು ಕೂಗಿ ಕರೆದೆ.

"ಅದು ಹಂಗ ಬರಬೇಕ್ರಿ. ನಾಳಿಗೆ ತಿಳಿ ಗುಲಾಬಿ ಬಣ್ಣ, ನಾಡದು ನೀರಿನ ಬಣ್ಣ. ನೋಡಕೋತ ಇರ್ರಿ" ಎಂದಳು ಸುವರ್ಣಾ ಸಿಸ್ಟರ್.

ಆಕೆಯ ಬಗ್ಗೆ ಹೇಳಬೇಕು. ನಲವತ್ತರ ಆಸುಪಾಸಿನ ಹೆಂಗಸು, ವಾರ್ಡಿನವರೆಲ್ಲ ಅಕ್ಕಾರ ಎಂದೇ ಕರೆಯುತ್ತಿದ್ದರು. ಸೂಜಿ, ಗುಳಿಗೆ ಎಲ್ಲರೂ ಕೊಡುತ್ತಾರೆ. ಈಕೆ ಕೆಲಸ ಮುಗಿಸಿ, ಸಂಜೆ ನಾಲ್ಕರ ಸುಮಾರಿಗೆ ಪರದೆ ಎಳೆದು, ಸ್ಟೂಲಿನ ಮೇಲೆ ಕೂತು ಮಾತಾಡಿಸುತ್ತಿದ್ದಳು. ಎಷ್ಟು ಸಲ ಆತು, ಉರಿ ಐತೇನು ಎಂದು ಕೇಳಿದ ಮೇಲೆ ಸುಮ್ಮನೆ ಕೂತುಬಿಡುತ್ತಿದ್ದಳು. ಆಮೇಲೆ ಮೆಲ್ಲಗೆ, "ಮನಸಿನ್ಯಾಗ ಏನ ಅಂಜಿಕಿ ಐತಿ, ಹೇಳ್ರಿ" ಎನ್ನುತ್ತಿದ್ದಳು. ನಳಿಗೆ ತೆಗೆದ ಮೇಲೆ ಕೆಲವು ದಿನ, ಕೆಲವರಿಗೆ ಕೆಲವು ವಾರ, ಮೂತ್ರ ಹಿಡಿತಕ್ಕೆ ಸಿಗುವುದಿಲ್ಲ, ಕೆಮ್ಮಿದರೆ, ಎದ್ದರೆ ಹನಿಯುತ್ತದೆ, ಗಂಡಸ್ತನ ಹೋಯಿತೆಂದು ತಿಳಿಯಬೇಡಿ, ಬಿಗಿ ಹಿಡಿದು ಬಿಡುವ ವ್ಯಾಯಾಮ ಮಾಡಿದರೆ ತಾನೇ ನಿಲ್ಲುತ್ತದೆ ಎಂದು ಮೊದಲೇ ಹೇಳಿಟ್ಟಿದ್ದಳು. ನೀರು ಮಾತ್ರ ಬಿಡಬಾರದು. ನೀರು ಕಡಿಮೆಯಾದರೆ ಒಳಗೆ ರಕ್ತ ಗಡ್ಡೆ ಕಟ್ಟಿ ದಾರಿ ಮುಚ್ಚುತ್ತದೆ. ಅಕ್ಷರ ಬಾರದವರೂ ಲೆಕ್ಕ ಇಡಲಿ ಎಂದು ಪ್ರತಿಯೊಬ್ಬರ ತಲೆದಿಂಬಿನ ಹತ್ತಿರ ಎರಡು ಬಟ್ಟಲು, ಒಂದರಲ್ಲಿ ಹುಣಸೆ ಬೀಜ ಇಡುತ್ತಿದ್ದಳು. ಒಂದು ಗ್ಲಾಸು ನೀರು ಕುಡಿದರೆ ಒಂದು ಬೀಜ ಆಚೆ ಬಟ್ಟಲಿಗೆ. ಸಂಜೆ ಬಂದು ಆಚೆಯ ಬಟ್ಟಲು ಎಣಿಸುತ್ತಿದ್ದಳು.

ಬಾಜೂ ಕಾಟಿನಲ್ಲಿ ಗುಂಜಿಯ ಮಾರುತಿ ಮಾಮಾ. ದನ ಕಾಯುವವರ ಮನೆತನ, ಆದರೆ ಆತ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಹಳಿಯ ಮೇಲೆ ನಡೆದೇ ಆಯುಷ್ಯ ಕಳೆದು ರಿಟೈರ್ ಆದವನು. ನನಗಿಂತ ಎರಡು ವರ್ಷ ದೊಡ್ಡವನು. ಕೊರಳಲ್ಲಿ ತುಳಸಿ ಮಾಲೆ. ಅರ್ಧ ಮರಾಠಿ, ಅರ್ಧ ಕನ್ನಡ. ನಾನು ಮಗ್ಗದ ಮಾಲೀಕನೆಂದು ತಿಳಿದ ಗಳಿಗೆಯಿಂದ ನನಗೆ "ಶಹಾಪುರ ಸಾವಕಾರ್ರು" ಎಂದೇ ಹೆಸರಿಟ್ಟ. ಚೇಷ್ಟೆಗೆ ಇಟ್ಟ ಹೆಸರೇ, ಆದರೆ ನನಗೆ ಹಿಡಿಸಿತ್ತು. ಸುಳ್ಳು ಏಕೆ ಹೇಳಲಿ.

ನಳಿಗೆಯ ಚೀಲ ಕೈಯಲ್ಲಿ ಹಿಡಿದು ನಾನು ವಾರ್ಡಿನಲ್ಲಿ ಅಡ್ಡಾಡುವಾಗ ಆತ ಮಲಗಿದಲ್ಲಿಂದಲೇ ಕೂಗುತ್ತಿದ್ದ.

"ಏನ್ರಿ ಸಾವಕಾರ್ರ, ಚೀಲಾ ಹಿಡಕೊಂಡು ಸಂತಿಗೆ ಹೊಂಟ್ರೇನು?"

"ನೀವೂ ಬರ್ರಿ ಮಾಮಾ, ನಿಮ್ಮ ಚೀಲಾನೂ ತುಂಬೇತಿ."

"ನಂದು ಬ್ಯಾಡ್ರಿ, ನಿಮ್ಮ ಮಾಲಿನಷ್ಟು ಬಣ್ಣಾ ಇಲ್ಲ ಇದಕ್ಕ."

ವಾರ್ಡು ನಗುತ್ತಿತ್ತು. ನಾನೂ ನಗುತ್ತಿದ್ದೆ, ಹೊಟ್ಟೆ ಹಿಡಿದುಕೊಂಡು.

ನನ್ನ ನಳಿಗೆಯನ್ನು ಮಾಮಾನದಕ್ಕಿಂತ ಒಂದು ದಿನ ಮೊದಲು ತೆಗೆದರು. ಸಂಡಾಸಕ್ಕೆ ಎದ್ದು ನಾಲ್ಕು ಹೆಜ್ಜೆ ಇಟ್ಟಿದ್ದೆ, ಕಾಲಿನ ಗುಂಟ ಬಿಸಿಯಾಗಿ ಇಳಿಯಿತು. ಚಿಕ್ಕ ಮಕ್ಕಳಂತೆ. ಶಾಂತಾ ಅವತ್ತೇ ಹಳೆಯ ಧೋತರ ಹರಿದು, ಎರಡು ಮಡಿಕೆ ಮಾಡಿ ತಂದಳು. ಅದನ್ನು ಒಳಗಿಟ್ಟುಕೊಂಡು, ಮೇಲೆ ಇಸ್ತ್ರಿ ಮಾಡಿದ ಪಾಯಿಜಾಮ ತೊಟ್ಟು ನೆಟ್ಟಗೆ ಕೂತೆ. ಮುಂಜಾನೆ ಲಿಂಗಪೂಜೆಗೆ ಕೂರುವ ರೂಢಿ ನನಗೆ ತಪ್ಪಿದ್ದಿಲ್ಲ. ಆ ದಿನಗಳಲ್ಲಿ ಒದ್ದೆ ಮೈಯಲ್ಲಿ ಕೈ ಹಚ್ಚಲು ಮನಸ್ಸು ಬರಲಿಲ್ಲ. ಜ್ವರ ಬಂದಂತಿದೆ ಎಂದು ಶಾಂತಾಳಿಗೆ ಹೇಳಿದೆ.

ಶಾಂತಾಳನ್ನು ಬಿಟ್ಟರೆ ಸುವರ್ಣಾ ಸಿಸ್ಟರ್‌ಗೆ ಮಾತ್ರ ಗೊತ್ತಿತ್ತು. ಆಕೆಯಿಂದ ಮುಚ್ಚಿಡಲು ಆಗುತ್ತಿರಲಿಲ್ಲ. ಮರುದಿನ ಮಾರುತಿ ಮಾಮಾನ ನಳಿಗೆಯನ್ನೂ ತೆಗೆದರು. ಆತ ಗೋಡೆಯ ಕಡೆ ಹೊರಳಿ ಮಲಗಿದವನು ಯಾರ ಜೊತೆಗೂ ಮಾತಾಡಲಿಲ್ಲ. ಚೇಷ್ಟೆ ನಿಂತಿತು. ಸಿಸ್ಟರ್ ಪರದೆ ಎಳೆದು ಅರ್ಧ ತಾಸು ಕೂತಳು. ಹೂಂ ಎಂದನೇ ಹೊರತು ಬಾಯಿ ಬಿಡಲಿಲ್ಲ. ಆಮೇಲೆ ಆಕೆ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದಳು.

"ಕಾಕಾ, ನೀವು ಒಂದ ಮಾತ ಹೇಳ್ರಿ ಅವರಿಗೆ. ನನಗೂ ಹಿಂಗ ಆಗಾಕತ್ತೈತಿ ಅಂತ. ನಾ ಹೇಳಿದ್ರ ಪಾಠ ಹೇಳಿದಂಗ ಆಗ್ತೈತಿ. ನೀವು ಹೇಳಿದ್ರ ಧೈರ್ಯ ಬರ್ತೈತಿ."

"ನೋಡೂಣು ತಗೋರಿ" ಎಂದೆ.

"ನೋಡೂದಲ್ರಿ, ಹೇಳ್ರಿ. ನಾ ಯಾರ ಮುಂದೂ ನಿಮ್ಮ ಸುದ್ದಿ ಆಡಂಗಿಲ್ಲ. ಅದು ನೀವ ಹೇಳಬೇಕು."

ಮಾರನೆಯ ದಿನ ಮಧ್ಯಾಹ್ನ, ಊಟದ ಹೊತ್ತು ಮುಗಿದಿತ್ತು. ಮಾಮಾನ ಜೊತೆಗಿದ್ದ ಅಳಿಯ ಚಹಾ ಕುಡಿಯಲು ಹೋಗಿದ್ದ. ಹೊರಗೆ ತಗಡಿನ ಮೇಲೆ ಮಳೆ ಸಪ್ಪಳ. ಮಾಮಾ ಈ ಕಡೆ ಹೊರಳಿದ. ಕಣ್ಣು ಕೆಂಪಗಿದ್ದವು.

"ಸಾವಕಾರ್ರ, ಒಂದ ಮಾತ ಕೇಳ್ಲೇನ್ರಿ? ನಗಬಾರ್ದು ನೋಡ್ರಿ."

"ಕೇಳ್ರಿ ಮಾಮಾ."

"ನಳಗಿ ತಗದ ಮ್ಯಾಲ ನಿಮಗ ಹೆಂಗ ಐತಿ? ನಿಲ್ತೈತೇನ್ರಿ?"

ಸಿಸ್ಟರ್ ಬೇಡಿಕೊಂಡ ಮಾತು ಬಾಯಿಯ ತುದಿಯಲ್ಲೇ ಇತ್ತು. ಆ ಗಳಿಗೆಯಲ್ಲೇ ನನ್ನ ಒಳಗಿನ ಬಟ್ಟೆಯ ಮಡಿಕೆ ಒದ್ದೆಯಾಗಿತ್ತು, ಬದಲಿಸಬೇಕಿತ್ತು. ಆದರೆ ಆತ ನನ್ನನ್ನು ಸಾವಕಾರ ಎಂದು ಕರೆದಿದ್ದ. ಆತ ನೋಡುತ್ತಿದ್ದ ರೀತಿಯಲ್ಲಿ ನಾನು ಎತ್ತರದಲ್ಲಿದ್ದೆ. ಇಳಿಯಲು ಆಗಲಿಲ್ಲ.

"ನಿಲ್ಲದ ಏನ್ರಿ? ಮೊದಲನೇ ದಿನದಿಂದ ಒಣಾ ಅದೇನಿ" ಎಂದೆ.

ಆತ ನನ್ನ ಇಸ್ತ್ರಿಯ ಪಾಯಿಜಾಮ ನೋಡಿದ. "ಹೆಂಗ್ರಿ?" ಎಂದ. ಕೇಳಿದ್ದರಲ್ಲಿ ಅಸೂಯೆ ಇರಲಿಲ್ಲ, ಆಸೆಯಿತ್ತು.

ಒಂದು ಸುಳ್ಳು ನಿಲ್ಲಬೇಕಾದರೆ ಇನ್ನೊಂದು ಬೇಕಾಯಿತು. "ನೀರ ಕಡಿಮಿ ಕುಡೀತೇನಿ, ಅಷ್ಟ."

"ಅಕ್ಕಾರು ಕುಡೀರಿ ಕುಡೀರಿ ಅಂತಾರಲ್ರಿ?"

"ಅಕ್ಕಾರಿಗೆ ಏನ ಗೊತ್ರಿ ಗಂಡಸರ ಪೈಕಿದು?"

ಆತ ನಕ್ಕ. ಎರಡು ದಿನದ ಮೇಲೆ ಮೊದಲ ಸಲ ನಕ್ಕ. "ಖರೇನ ಐತಿ. ನೀವು ಅನುಭವಿಸಿದವರು" ಎಂದ. "ಕಾರ್ತಿಕ ಏಕಾದಶಿಗೆ ಪಂಢರಪುರಕ್ಕ ಹೋಗಬೇಕಂತ ಐತ್ರಿ. ಒದ್ದಿ ಧೋತರದಾಗ ತುಳಸಿ ಮಾಳಾ ಹಾಕ್ಕೊಂಡು ದೇವರ ಮುಂದ ಹೆಂಗ ನಿಂದರ್ಲಿ ಅಂತ ಚಿಂತಿ ಹತ್ತಿತ್ತು."

ಅವತ್ತು ಸಂಜೆ ನಾನು ಏಳು ಗ್ಲಾಸು ನೀರು ಕುಡಿದು ಏಳು ಬೀಜ ಆಚೆ ಹಾಕಿದ್ದೆ. ಆತ ಕಾಣದ ಹಾಗೆ, ಪರದೆಯ ಮರೆಯಲ್ಲಿ ಕುಡಿದೆ. ಆತನ ಬಟ್ಟಲಲ್ಲೂ ಏಳು ಬೀಜವಿದ್ದವು. ಸಿಸ್ಟರ್ ಎಣಿಸಿ, "ಶಾಣ್ಯಾ ಮಾಮಾ" ಎಂದು ಹೊಗಳಿ ಹೋದಳು. ಮರುದಿನ ಕಣ್ಣಾರೆ ಕಂಡೆ. ಗ್ಲಾಸಿನ ನೀರು ಕಿಟಕಿಯಿಂದ ಮಳೆಯೊಳಗೆ ಚೆಲ್ಲಿದ, ಬೀಜ ಎತ್ತಿ ಆಚೆ ಬಟ್ಟಲಿಗೆ ಹಾಕಿದ, ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಇಬ್ಬರೂ ಸೇರಿ ಯಾರನ್ನೋ ಮೋಸ ಮಾಡಿದ ಖುಷಿ ಅವನ ಮುಖದಲ್ಲಿ. ಸಿಸ್ಟರ್‌ಗೆ ಹೇಳಬಹುದಿತ್ತು. ಹೇಳಿದರೆ "ನಿಮಗೆ ಯಾರು ಹೀಗೆ ಮಾಡಲು ಹೇಳಿದರು" ಎಂದು ಆಕೆ ಆತನನ್ನು ಕೇಳುತ್ತಿದ್ದಳು. ನಾನು ಕಿಟಕಿಯ ಆಚೆ ನೋಡಿದೆ.

ಈಗ ಆ ವಾರ್ಡಿಗೆ ನಾನು ಆಗೀಗ ಹೋಗುತ್ತೇನೆ. ಸಿಸ್ಟರ್ ಫೋನು ಮಾಡುತ್ತಾಳೆ, ಒಬ್ಬರು ಮಾತಾಡವಲ್ಲರು, ಬರ್ರಿ ಎಂದು. ಹೊಸಬರ ಕಾಟಿನ ಹತ್ತಿರ ಕೂತು, "ನನಗೂ ಸೋರತಿತ್ರಿ, ಎರಡೂವರಿ ತಿಂಗಳ ಸೋರ್ತು, ಆಮ್ಯಾಲ ನಿಂತತಿ" ಎನ್ನುತ್ತೇನೆ. ಅವರ ಮುಖ ಸಡಿಲಾಗುತ್ತದೆ. ಕೆಲವರು ಕೈ ಹಿಡಿದುಕೊಳ್ಳುತ್ತಾರೆ, ದೊಡ್ಡ ಮನುಷ್ಯ ಎನ್ನುತ್ತಾರೆ. ಈಗ ಆ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಎಂಬುದೇ ನನಗೆ ತಡೆಯಲಾಗದ್ದು. ಅಷ್ಟೇ ಇತ್ತಲ್ಲ ಅದು, ಆಡಲು ಒಂದು ಉಸಿರೂ ಬೇಡ.

ಆ ಮಳೆಗಾಲದಲ್ಲಿ ನನ್ನನ್ನೂ ಮಾಮಾನನ್ನೂ ಒಂದೇ ದಿನ ಮನೆಗೆ ಕಳಿಸಿದರು. ಹದಿನೈದು ದಿನ ಬಿಟ್ಟು ತೋರಿಸಲು ಬರಬೇಕೆಂದರು. ಆಟೋ ಹತ್ತುವ ಮುಂದೆ ಮಾಮಾ ತನ್ನ ಕಂಬಳಿಯ ಮಡಿಕೆಯೊಳಗೆ ಕೈ ಇಟ್ಟುಕೊಂಡೇ ನಮಸ್ಕಾರ ಮಾಡಿದ. "ಗುಂಜಿಗೆ ಬರ್ರಿ ಸಾವಕಾರ್ರ, ಜೇನಾ ಕೊಡ್ತೇನಿ" ಎಂದ. ಬರ್ತೇನಿ ಎಂದೆ.

ಮನೆಯಲ್ಲಿ ನನ್ನ ಬಟ್ಟೆಯ ಮಡಿಕೆಗಳು ಒಣಗುತ್ತಿರಲಿಲ್ಲ. ಮಗ್ಗದ ಕೋಣೆಯಲ್ಲಿ ಬೆಚ್ಚಗಿರುತ್ತದೆ, ಅಲ್ಲಿ ಹಾಕಿದರೆ ಕೂಲಿಯವರು ನೋಡುತ್ತಾರೆ. ಶಾಂತಾ ಅಡುಗೆಮನೆಯಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದಳು. ದಿನಾ ಅವುಗಳನ್ನು ನೋಡುವಾಗ ಗುಂಜಿಯ ಮನೆಯಲ್ಲಿ ಏನು ನಡೆದಿರಬಹುದು ಎಂಬ ಯೋಚನೆ ಬರುತ್ತಿತ್ತು. ಮನೆಗೆ ಹೋದ ಮೇಲೆ ಆತ ನೀರು ಕುಡಿಯುತ್ತಾನೆ ಬಿಡು, ಹಳ್ಳಿಯ ಮನುಷ್ಯ, ಬಾಯಾರಿದರೆ ಬಿಡುವುದುಂಟೇ ಎಂದು ನನಗೆ ನಾನೇ ಹೇಳಿಕೊಂಡೆ. ಮಾಮಾನ ಅಳಿಯನ ಫೋನ್ ನಂಬರು ನನ್ನ ಹತ್ತಿರವಿತ್ತು. ಮಾಡಲಿಲ್ಲ.

ಹದಿನೈದು ದಿನಕ್ಕೆ ತೋರಿಸಲು ಹೋದೆ. ಮಾಮಾ ಕಾಣಲಿಲ್ಲ. ಡಾಕ್ಟರು ನೋಡಿ ಎಲ್ಲ ಚಲೋ ಇದೆ ಎಂದರು. ವಾರ್ಡಿನ ಬಾಗಿಲಲ್ಲಿ ಸುವರ್ಣಾ ಸಿಸ್ಟರ್ ಸಿಕ್ಕಳು. ನಾನು ಕೇಳುವ ಮೊದಲೇ ಹೇಳಿದಳು.

"ಕಾಕಾ, ಮಾರುತಿ ಮಾಮಾ ಹೋದ್ರು."

ಮನೆಗೆ ಹೋದ ಹತ್ತನೆಯ ದಿನಕ್ಕೆ ಒಳಗೆ ರಕ್ತ ಒಸರಿ ಗಡ್ಡೆ ಕಟ್ಟಿತ್ತು. ಮೂತ್ರ ನಿಂತುಹೋಗಿತ್ತು. ಹನಿಯುವುದೂ ನಿಂತಿತಲ್ಲ, ಆತ ವಾಸಿಯಾಯಿತೆಂದೇ ತಿಳಿದನಂತೆ. ಒಂದು ದಿನ ಸಂತೋಷವಾಗಿದ್ದನಂತೆ. ಆಮೇಲೆ ನೋವು, ಚಳಿ ಜ್ವರ. ಅದನ್ನೂ ಎರಡು ದಿನ ಮುಚ್ಚಿಟ್ಟ. ಹಳ್ಳ ತುಂಬಿ ರಸ್ತೆ ಬಂದ್ ಆಗಿ, ಖಾನಾಪುರಕ್ಕೆ ತಂದು ಅಲ್ಲಿಂದ ಇಲ್ಲಿಗೆ ತರುವಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು.

"ನೀರು ಬಿಟ್ಟಿದ್ರಂತ್ರಿ. ಇಲ್ಲಿ ದಿನಾ ಏಳು ಎಂಟು ಬೀಜ ಇರ್ತಿದ್ದು. ನಾ ಬೀಜ ಎಣಿಸಿದೆ, ಅವರನ್ನ ನೋಡಲಿಲ್ಲ. ನನ್ನ ಕಡಿಂದ ತಪ್ಪಾತು" ಎಂದಳು. ನಾನು ಅಲ್ಲೇ ಗೋಡೆ ಹಿಡಿದು ನಿಂತೆ. ಆಕೆ ನನಗೆ ಸಂಕಟವಾಯಿತೆಂದು ತಿಳಿದು ಕುರ್ಚಿ ತಂದುಕೊಟ್ಟಳು. ಕೂತೆ. ಆಕೆ ಕೊಟ್ಟ ಕುರ್ಚಿಯಲ್ಲಿ ಕೂತು, ಆಕೆ ತನ್ನನ್ನು ತಾನು ಬೈದುಕೊಳ್ಳುವುದನ್ನು ಕೇಳಿ, ಎದ್ದು ಮನೆಗೆ ಬಂದೆ.

ಎಂಟು ದಿನ ಮಗ್ಗದ ಸಪ್ಪಳದಲ್ಲಿ ಕೂತೆ. ನಾಲ್ಕು ಮಗ್ಗ ನಡೆಯುವಾಗ ಪಕ್ಕದವನ ಮಾತೂ ಕೇಳಿಸುವುದಿಲ್ಲ. ಆದರೂ ಆತ ನಗುವುದು ಕೇಳಿಸುತ್ತಿತ್ತು. ಒಂಬತ್ತನೆಯ ದಿನ ಹೋಗಿ ಸಿಸ್ಟರ್ ಮುಂದೆ ಎಲ್ಲ ಹೇಳಿದೆ. ಪಾಯಿಜಾಮ, ನೀರು, ಕಿಟಕಿ, ಎಲ್ಲ. ಬೈಯುತ್ತಾಳೆಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಆಕೆ ಕೈಯಲ್ಲಿದ್ದ ಚಾರ್ಟು ಮೇಜಿನ ಮೇಲಿಟ್ಟಳು.

"ಅವರ ಮನಿಯಾಕಿ ಅವತ್ತ ಇಲ್ಲೇ ನೆಲದ ಮ್ಯಾಲ ಕುಂತು ಅಳಾಕತ್ತಿದ್ರು" ಎಂದಳು. "ನಾ ಜೋರ ಮಾಡಿ ಕುಡಿಸಬೇಕಿತ್ತು, ನಾನ ಕೊಂದೆ ಅಂತ ಹಣೀ ಹಣೀ ಬಡಕೊಂಡ್ರು. ನನ್ನ ಮುಂದ ಹೇಳಿ ಏನಾಗೂದೈತಿ ಕಾಕಾ? ಅವರ ಮುಂದ ಹೇಳ್ರಿ."

ಅದಕ್ಕೇ ಗುಂಜಿಗೆ ಹೋದದ್ದು. ಹೇಳಲೆಂದೇ ಹೋದದ್ದು.

ಶ್ರಾವಣದ ಮೊದಲ ದಿನಗಳು. ಸ್ಟೇಶನ್ನಿನಲ್ಲಿ ಇಳಿದವರು ನಾನು ಮತ್ತು ಹಾಲಿನ ಖಾಲಿ ಕ್ಯಾನು ಹಿಡಿದ ಇಬ್ಬರು. ರಿಟೈರ್ ಗ್ಯಾಂಗ್‌ಮನ್ ಮಾರುತಿಯವರ ಮನೆ ಎಂದೊಡನೆ ಒಬ್ಬ ದಾರಿ ತೋರಿಸಿದ. ಭತ್ತದ ನಾಟಿ ಮುಗಿದಿತ್ತು. ದಾರಿಯ ಗುಂಟ ಮನಸ್ಸಿನಲ್ಲಿ ಮಾತು ಜೋಡಿಸಿದೆ. ತಪ್ಪು ನಿಮ್ಮದಲ್ಲರಿ ತಾಯಿ, ನಂದು. ಇಷ್ಟೇ ಇಷ್ಟು.

ಹೆಂಚಿನ ಮನೆ. ಅಂಗಳದಲ್ಲಿ ಎಮ್ಮೆ. ಆಕೆ ಹೊರಗೆ ಬಂದಳು, ಸಣ್ಣ ಆಳು, ಬರಿ ಹಣೆ. ಆಪರೇಶನ್ನಿನ ದಿನಗಳಲ್ಲಿ ದವಾಖಾನೆಯಲ್ಲಿ ಅಳಿಯನೇ ಇದ್ದನಾದ್ದರಿಂದ ಆಕೆ ನನ್ನನ್ನು ನೋಡಿದ್ದಿಲ್ಲ. ಅಳಿಯ ಮನೆಯಲ್ಲಿರಲಿಲ್ಲ.

"ದವಾಖಾನ್ಯಾಗ ಮಾಮಾನ ಜೋಡಿ ಇದ್ದೆ ನಾನು" ಎಂದೆ.

"ಬರ್ರಿ, ಬರ್ರಿ, ಕುಂದರ್ರಿ." ಚಾಪೆ ಹಾಸಿದಳು. ತಂಬಿಗೆಯಲ್ಲಿ ನೀರು ತಂದಿಟ್ಟಳು. ಬಾಗಿಲಿಗೆ ಆತು ಕೂತಳು. ನಾನು ಬಾಯಿ ತೆರೆಯುವ ಮೊದಲೇ ಆಕೆಯ ಮಾತು ಹರಿಯತೊಡಗಿತು. ಬಹಳ ದಿನದಿಂದ ಯಾರಾದರೂ ಬರಲೆಂದು ಕಾದಂತಿತ್ತು.

"ನೀರ ಕೊಟ್ರ ದೂಡತಿದ್ರು. ಅಕ್ಕಾರು ಕುಡೀ ಅಂದಾರ ಅಂದ್ರ, ಅಕ್ಕಾರಿಗೆ ಏನ ಗೊತ್ತು ಗಂಡಸರ ಪೈಕಿದು ಅಂತಿದ್ರು. ಅಲ್ಲೆ ಶಹಾಪುರ ಸಾವಕಾರ್ರು ಅಂತ ಒಬ್ರಿದ್ರಂತ. ಅವರೂ ಕುಡೀತಿದ್ದಿಲ್ಲಂತ, ಒಣಾ ಇದ್ರಂತ. ದಿನಾ ಅವರದ ಸುದ್ದಿ. ಎಂಥಾ ಮನಶ್ಯಾ ಅಂತೀ, ಹೆಂಗ ನೆಟ್ಟಗ ಕುಂದರ್ತಾನ ಅಂತೀ ಅಂತ." ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನ ಒತ್ತಾಯಾ ಮಾಡಬೇಕಿತ್ತು. ಹೆಂಗಸು ನಾನು, ಸುಮ್ಮನ ಆದೆ."

ಈಗ ಹೇಳಬೇಕು ಎಂದುಕೊಂಡೆ.

"ನೀವು ಶಹಾಪುರದವರೇನ್ರಿ?" ಎಂದು ಕೇಳಿದಳು.

ಇದಕ್ಕಿಂತ ಸುಲಭವಾಗಿ ಯಾರೂ ನನಗೆ ದಾರಿ ಬಿಟ್ಟುಕೊಟ್ಟಿಲ್ಲ. ಹೂಂ ಎಂದರೆ ಮುಗಿಯುತ್ತಿತ್ತು.

"ಅಲ್ರಿ," ಎಂದೆ, "ಬೆಳಗಾವ್ಯಾಗ ಹಿಂದವಾಡಿ."

ಆಕೆ ತಲೆಯಾಡಿಸಿದಳು. ಅಂಗಳದಲ್ಲಿ ಮಳೆ ಹಿಡಿದಿತ್ತು. ಆಮೇಲೆ ನನ್ನ ಕಡೆ ಸ್ವಲ್ಪ ಬಾಗಿ, ಒಂದು ಉಪಕಾರ ಕೇಳುವವರ ದನಿಯಲ್ಲಿ ಹೇಳಿದಳು.

"ಒಂದ ಕೆಲಸಾ ಮಾಡ್ರಿ ಅಣ್ಣಾರ. ಆ ಸಾವಕಾರ್ರು ಎಲ್ಲಿ ಅದಾರ, ಯಾರ ಪೈಕಿ, ನನಗ ಗೊತ್ತಿಲ್ಲ. ನಿಮ್ಮ ಊರಾಗ ಹುಡುಕಿದ್ರ ಸಿಕ್ಕಾರು. ಸಿಕ್ರ ಅವರಿಗೆ ಹೇಳ್ರಿ, ನೀರ ಕುಡೀಬೇಕಂತ ಹೇಳ್ರಿ. ನಮ್ಮವರಿಗೆ ಆದದ್ದು ಅವರಿಗೆ ಆಗೂದು ಬ್ಯಾಡ. ಅವರ ಮನ್ಯಾಗೂ ಹೆಂಡತಿ ಇರ್ತಾಳಲ್ರಿ."

ಹೇಳ್ತೇನ್ರಿ ಎಂದೆ.

"ಮರೀಬ್ಯಾಡ್ರಿ."

"ಇಲ್ರಿ."

ಎದ್ದು ಚಪ್ಪಲಿ ಮೆಟ್ಟಿ ಬೇಲಿಯ ತನಕ ಬಂದೆ. ಅಲ್ಲಿ ನಿಂತೆ. ಹೊರಳಿ ನೋಡಿದೆ. ಆಕೆ ಇನ್ನೂ ಬಾಗಿಲಲ್ಲೇ ನಿಂತಿದ್ದಳು. ಮಳೆಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡುತ್ತಿದ್ದಳು.

"ಏನಾರ ಬಿಟ್ಟ ಹೊಂಟ್ರೇನ್ರಿ?" ಎಂದು ಕೂಗಿ ಕೇಳಿದಳು.

"ಇಲ್ರಿ, ಏನಿಲ್ಲ" ಎಂದೆ. ನನ್ನ ದನಿ ಆಕೆಗೆ ಮುಟ್ಟಿತೋ ಇಲ್ಲವೋ. ಆಕೆ ಕೈ ಎತ್ತಿ ಮತ್ತೊಮ್ಮೆ, ಮರೆಯಬಾರದು ಎಂಬಂತೆ, ಸನ್ನೆ ಮಾಡಿದಳು.